ಹೊಸಬರ ಕೈಗೆ ಮೊದಲ ಪಿಸ್ತೂಲು: ಆರಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಅನೇಕ ತೋಟಿಗರ ಮನೆಗಳಲ್ಲಿದೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯುವುದೂ, ಮುಗಿದ ಮೇಲೆ ಮನೆಗೆ ತಂದು ಎಣ್ಣೆ ಒರೆಸಿಡುವುದೂ ರೂಢಿಯೇ ಆಗಿದೆ. ಪಿಸ್ತೂಲಿನ ವಿಷಯ ಬೇರೆ. ಅದನ್ನು ಕೈಯಲ್ಲಿ ಹಿಡಿದವರು ಕಡಿಮೆ, ಹಿಡಿಯಲು ಆಸೆಪಟ್ಟವರು ಬಹಳ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು ಕಂಚನ್ನೂ, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚನ್ನೂ ಗೆದ್ದ ಮೇಲೆ, ‘ನಮ್ಮ ಶಾಲೆಗೊಂದು ಪಿಸ್ತೂಲು ತರಿಸಬೇಕು, ಯಾವುದು ಒಳ್ಳೆಯದು’ ಎಂದು ಕೇಳುವ ದೈಹಿಕ ಶಿಕ್ಷಕರೂ ಪಾಲಕರೂ ಹೆಚ್ಚಿದ್ದಾರೆ. ಹಳೆಯ ಅಡಿಕೆ ದಾಸ್ತಾನಿನ ಉದ್ದನೆಯ ಕೋಣೆಯೊಂದರಲ್ಲಿ ಕೆಲವು ವರ್ಷಗಳಿಂದ ಮಕ್ಕಳಿಗೆ ಗುರಿ ಹೇಳಿಕೊಡುತ್ತಿರುವ ನಾನು ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ನಾನು ಕಂಪನಿಯ ಹೆಸರಿನಿಂದ ಮೊದಲು ಮಾಡುವುದಿಲ್ಲ, ಕಲಿಯುವವರ ಕೈಯಿಂದ ಮೊದಲು ಮಾಡುತ್ತೇನೆ.

ಗಾಳಿಯೋ, ಮದ್ದೋ

ಸಣ್ಣ ಕ್ಯಾಲಿಬರಿನ, ಅಂದರೆ ನಳಿಗೆಯ ಒಳ ಅಗಲ ಕಡಿಮೆಯಿರುವ ಪಿಸ್ತೂಲು ಎಂದಾಗ ಎರಡು ಜಾತಿ ಎದುರಿಗೆ ಬರುತ್ತವೆ. ಒಂದು .177, ಅಂದರೆ 4.5 ಮಿ.ಮೀ. ಪೆಲೆಟ್ (ಸೀಸದ ಪುಟ್ಟ ಗುಂಡು) ಹಾರಿಸುವ ಏರ್ ಪಿಸ್ತೂಲು. ಇನ್ನೊಂದು .22, ಅಂದರೆ ಸುಮಾರು 5.6 ಮಿ.ಮೀ. ಗುಂಡಿನ ತೋಟೆ ಹಾಕುವ ಪಿಸ್ತೂಲು. ಅಳತೆಯಲ್ಲಿ ಒಂದು ಮಿಲಿಮೀಟರಿನಷ್ಟೇ ಅಂತರವಿದೆಯೆಂದು ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ತಪ್ಪು. ಅರ್ಧ ಗ್ರಾಮಿನ ಪೆಲೆಟ್ಟು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿರುವ ಶಕ್ತಿ ಆರು ಜೂಲ್ ಆಸುಪಾಸು, 2.6 ಗ್ರಾಮಿನ .22 ಗುಂಡು 300 ಮೀಟರ್ ವೇಗದಲ್ಲಿ ಹೊರಟರೆ ಅದು ನೂರ ಹದಿನೈದು ಜೂಲ್ ದಾಟುತ್ತದೆ. ಹೆಚ್ಚುಕಡಿಮೆ ಇಪ್ಪತ್ತು ಪಟ್ಟು. ಆ ಗುಂಡು ತಡೆಯಿಲ್ಲದೆ ಹೋದರೆ ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ಮರಗಳ ಮರೆಯಲ್ಲಿ ಮನೆ, ಮನೆಯ ಮರೆಯಲ್ಲಿ ದಾರಿ ಇರುವ ನಮ್ಮ ಊರುಗಳಲ್ಲಿ ಅಷ್ಟು ದೂರದೊಳಗೆ ಯಾರಿದ್ದಾರೆಂದು ನಿಂತಲ್ಲಿಂದ ಹೇಳಲು ಬರುವುದಿಲ್ಲ.

ಕಾನೂನೂ ಈ ಎರಡನ್ನು ಬೇರೆ ಬೇರೆಯಾಗಿ ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳ ಪ್ರಕಾರ, 4.5 ಮಿ.ಮೀ. ಮೀರದ, ಇಪ್ಪತ್ತು ಜೂಲಿಗಿಂತ ಕಡಿಮೆ ಶಕ್ತಿಯ ಗಾಳಿ ಆಯುಧಕ್ಕೆ ಪರವಾನಗಿ ಬೇಕಾಗಿಲ್ಲ. ಆದರೆ ಅಧಿಕೃತ ಮಾರಾಟಗಾರರಿಂದಲೇ ಗುರುತಿನ ಚೀಟಿ ತೋರಿಸಿ ಕೊಳ್ಳಬೇಕು, ಬಿಲ್ಲನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಟ್ಟಿರಬೇಕು. .22 ಪಿಸ್ತೂಲಿಗೆ ಪರವಾನಗಿ ಕಡ್ಡಾಯ. ನಮ್ಮ ಜಿಲ್ಲೆಯವರು ಅದಕ್ಕಾಗಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹೊಸದಾಗಿ ಕಲಿಸಹೊರಟವರಿಗೆ ಇಷ್ಟರಲ್ಲೇ ಉತ್ತರ ಸಿಕ್ಕಂತಾಯಿತು: ಮೊದಲ ಪಿಸ್ತೂಲು ಗಾಳಿಯದೇ ಆಗಿರಲಿ.

ಇದಕ್ಕೆ ಒಂದು ಆಕ್ಷೇಪ ಯಾವಾಗಲೂ ಬರುತ್ತದೆ. ಮಗ ಎನ್‌ಸಿಸಿ ಶಿಬಿರದಲ್ಲಿ .22 ರೈಫಲಿನಿಂದ ಹೊಡೆದು ಬಂದಿದ್ದಾನೆ, ಪಿಸ್ತೂಲೂ ಅದೇ ಅಳತೆಯದ್ದಾದರೆ ಏನಡ್ಡಿ ಎಂಬುದು ಆ ಪ್ರಶ್ನೆ. ಶಿಬಿರದಲ್ಲಿ ಹುಡುಗ ನೆಲದ ಮೇಲೆ ಮಲಗಿದ್ದ, ಉದ್ದನೆಯ ರೈಫಲ್ ಅವನ ಎರಡೂ ಕೈ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು, ಅದರ ಮೂತಿ ಪಕ್ಕಕ್ಕೆ ತಿರುಗಬೇಕಾದರೆ ಇಡೀ ಮೈ ತಿರುಗಬೇಕಿತ್ತು. ಪಿಸ್ತೂಲಿಗೆ ಮಣಿಕಟ್ಟು ತಿರುಗಿದರೆ ಸಾಕು. ‘ಸರ್, ಇದು ಹಾರಲಿಲ್ಲ’ ಎನ್ನುತ್ತ ಕೈಯಲ್ಲಿರುವುದನ್ನು ಹಿಡಿದುಕೊಂಡೇ ಹಿಂದೆ ತಿರುಗುವ ಹೊಸಬರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಅಭ್ಯಾಸ ಹೋಗುವವರೆಗೆ ಮದ್ದಿನ ಆಯುಧ ಬೇಡ. ಗಾಳಿಯದು ಆಟಿಕೆ ಎಂದು ಇದರ ಅರ್ಥವಲ್ಲ. ಆರು ಜೂಲಿನ ಪೆಲೆಟ್ಟು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಕೈಯ ಅಳತೆ

ಕ್ಯಾಟಲಾಗ್ ತೆರೆಯುವ ಮೊದಲು ಕಲಿಯಲಿರುವ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಲೀಟರಿನ ತುಂಬಿದ ನೀರಿನ ಬಾಟಲಿಯನ್ನು ಕೊಡಿ. ತೋಳು ಚಾಚಿ, ಭುಜದ ಮಟ್ಟದಲ್ಲಿ ಹತ್ತು ಸೆಕೆಂಡ್ ಹಿಡಿಯಲಿ, ಒಂದು ನಿಮಿಷ ಬಿಟ್ಟು ಮತ್ತೆ ಹಿಡಿಯಲಿ, ಹೀಗೆ ಹತ್ತು ಸಲ. ಸ್ಪರ್ಧೆಗೆ ಬಳಸುವ ಬಹುತೇಕ ಏರ್ ಪಿಸ್ತೂಲುಗಳ ತೂಕ ಒಂದು ಕಿಲೋದ ಆಸುಪಾಸಿನಲ್ಲೇ ಇರುವುದರಿಂದ ಈ ಬಾಟಲಿಯ ಪರೀಕ್ಷೆ ಸುಳ್ಳಾಗುವುದಿಲ್ಲ. ಆರನೆಯ ಸಲಕ್ಕೇ ಸೊಂಟ ಹಿಂದಕ್ಕೆ ಬಾಗಿಸಿ ಬಾಟಲಿಯನ್ನು ಹೊಟ್ಟೆಯ ಬಲದಿಂದ ಎತ್ತುವ ಮಗುವಿಗೆ ಪೂರ್ಣ ಗಾತ್ರದ ಪಿಸ್ತೂಲು ಕೊಟ್ಟರೆ ಅದು ಕಲಿಯುವುದು ವಕ್ರವಾಗಿ ನಿಲ್ಲುವುದನ್ನೇ. ಅಂಥವರಿಗೆ ಗಿಡ್ಡ ಸಿಲಿಂಡರ್ ಇರುವ ಕಾಂಪ್ಯಾಕ್ಟ್ ಮಾದರಿಗಳಿವೆ. ಸ್ಪರ್ಧೆಯ ನಿಯಮದಲ್ಲಿ ಗರಿಷ್ಠ ತೂಕ 1500 ಗ್ರಾಂ ಎಂದಿದೆಯೇ ಹೊರತು ಕನಿಷ್ಠ ತೂಕದ ಕಟ್ಟಳೆಯಿಲ್ಲ. ಹಗುರವಾದದ್ದನ್ನು ಕೊಂಡು, ತೋಳು ಬಲಿತಂತೆ ಸಣ್ಣ ತೂಕದ ಬಿಲ್ಲೆಗಳನ್ನು ಸೇರಿಸುತ್ತ ಹೋಗಬಹುದು.

ಇನ್ನು ಹಿಡಿ. ಮರದ ಹಿಡಿಗಳು ಸಣ್ಣ, ಮಧ್ಯಮ, ದೊಡ್ಡದು ಎಂಬ ಅಳತೆಗಳಲ್ಲಿ, ಬಲಗೈಗೆ ಮತ್ತು ಎಡಗೈಗೆ ಬೇರೆ ಬೇರೆಯಾಗಿ ಬರುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿನಲ್ಲಿ ಹಿಡಿಯ ಬೆನ್ನು ಪೂರ್ತಿ ಕೂತಾಗ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಬರಬೇಕು, ಬೆರಳಿನ ಉಳಿದ ಭಾಗ ಪಿಸ್ತೂಲಿನ ಮೈಗೆ ತಾಗದೆ ನಡುವೆ ಒಂದು ಪೋಸ್ಟ್ ಕಾರ್ಡ್ ಸರಿದಾಡುವಷ್ಟು ಸಂದು ಇರಬೇಕು. ಬೆರಳ ತುದಿ ಮಾತ್ರ ಎಟುಕುತ್ತಿದ್ದರೆ ಹಿಡಿ ದೊಡ್ಡದಾಯಿತು. ಟ್ರಿಗರನ್ನು ಹಿಂದೆ ಮುಂದೆ ಸರಿಸುವ ಅನುಕೂಲ ಇರುವ ಮಾದರಿಯಾದರೆ ನಾಲ್ಕಾರು ಮಕ್ಕಳಿಗೆ ಒಂದೇ ಪಿಸ್ತೂಲು ಸಾಕಾಗುತ್ತದೆ. ಹಲವರು ಬಳಸುವ ಪಿಸ್ತೂಲಿಗೆ ಸಣ್ಣ ಹಿಡಿಯನ್ನೇ ತೆಗೆದುಕೊಳ್ಳಿ. ದೊಡ್ಡ ಕೈ ಸಣ್ಣ ಹಿಡಿಯಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಸಣ್ಣ ಕೈಗೆ ದೊಡ್ಡ ಹಿಡಿ ಒಗ್ಗುವುದೇ ಇಲ್ಲ. ಎಡಚ ಮಕ್ಕಳಿದ್ದರೆ ಅವರಿಗೊಂದು ಎಡಗೈ ಹಿಡಿ ಬೇರೆಯೇ ಬೇಕು. ಬಲಗೈಗೆ ಕೊರೆದ ಹಿಡಿಯನ್ನು ಎಡಗೈಯಲ್ಲಿ ಹಿಡಿಯುವುದು ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿದ ಹಾಗೆ.

ಗಾಳಿ ಎಲ್ಲಿಂದ ಬರುತ್ತದೆ

ಏರ್ ಪಿಸ್ತೂಲಿಗೆ ಶಕ್ತಿ ಬರುವ ದಾರಿ ನಾಲ್ಕು. ಕರಾವಳಿಯ ಹವೆಯಲ್ಲಿ ಕಲಿಸುವವರು ಎಲ್ಲಕ್ಕಿಂತ ಹೆಚ್ಚು ವಿಚಾರ ಮಾಡಬೇಕಾದದ್ದು ಇಲ್ಲಿಯೇ.

ಸ್ಪ್ರಿಂಗಿನದು ಅಗ್ಗ, ನಳಿಗೆಯನ್ನು ಮುರಿದಂತೆ ಬಗ್ಗಿಸಿ ಸ್ಪ್ರಿಂಗ್ ಅದುಮುವ ಈ ಪಿಸ್ತೂಲುಗಳು ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಒಳಗಿನ ಪಿಸ್ಟನ್ನು ಓಡಿ ನಿಲ್ಲುವಾಗ ಪಿಸ್ತೂಲು ಒಮ್ಮೆ ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುತ್ತದೆ, ಪೆಲೆಟ್ಟು ಆಗಿನ್ನೂ ನಳಿಗೆಯಲ್ಲೇ ಇರುತ್ತದೆ. ಟ್ರಿಗರೂ ಸಾಮಾನ್ಯವಾಗಿ ಗಡುಸು. ತಪ್ಪು ಕೈಯದೋ ಪಿಸ್ತೂಲಿನದೋ ಎಂದು ಕಲಿಯುವವರಿಗೂ ತಿಳಿಯುವುದಿಲ್ಲ, ಕಲಿಸುವವರಿಗೂ ತಿಳಿಯುವುದಿಲ್ಲ. ಕಲಿಸಲು ಇದು ಬೇಡ.

ಕಾರ್ಬನ್ ಡೈ ಆಕ್ಸೈಡ್ ತುಂಬಿದ್ದು ಹಿಂದೆ ಸ್ಪರ್ಧೆಗಳಲ್ಲೂ ಬಳಕೆಯಲ್ಲಿತ್ತು. ಆ ಅನಿಲದ ಒತ್ತಡ ಉಷ್ಣತೆಯ ಜೊತೆ ಏರಿಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದದ್ದು 30 ಡಿಗ್ರಿಗೆ 70 ದಾಟುತ್ತದೆ, 31 ಡಿಗ್ರಿ ಮೀರಿದ ಮೇಲೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಕಾರವಾರದ ಏಪ್ರಿಲ್ ಮಧ್ಯಾಹ್ನವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಸರಿಪಡಿಸಿಟ್ಟ ನಿಶಾನೆ ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ.

ಉಳಿದವು ಎರಡು. ಸನ್ನೆಯನ್ನು ಒಮ್ಮೆ ತೆರೆದು ಮುಚ್ಚಿದರೆ ಒಂದು ಈಡಿಗೆ ಬೇಕಾಗುವಷ್ಟು ಗಾಳಿ ಅದುಮಿಕೊಳ್ಳುವ ಬಗೆ ಒಂದು. ರಷ್ಯದ ಇಝೆವ್ಸ್ಕ್‌ನ ಬೈಕಾಲ್ ಐಝಡ್‌ಎಚ್-46ಎಂ ಈ ಜಾತಿಯದು. ಒದೆತವಿಲ್ಲ, ಸಿಲಿಂಡರಿನ ಗೊಡವೆಯಿಲ್ಲ, ಟ್ರಿಗರ್ ಎಳೆಯಲು ಬೇಕಾದ ಬಲವನ್ನು ನಿಯಮದ 500 ಗ್ರಾಮಿಗೆ ಹೊಂದಿಸಬಹುದು, ಪೆಲೆಟ್ಟಿಲ್ಲದೆ ಟ್ರಿಗರ್ ಎಳೆಯುವ ಒಣ ಅಭ್ಯಾಸವೂ ಸಾಧ್ಯ. ಊರಿನಲ್ಲಿ ಗಾಳಿ ತುಂಬುವ ವ್ಯವಸ್ಥೆ ಇಲ್ಲದವರಿಗೆ ಇಂಥದ್ದೇ ಯೋಗ್ಯವೆಂದು ನನಗೆ ಬಹಳ ದಿನ ಅನ್ನಿಸಿತ್ತು. ಆದರೆ ಅದು ಸುಮಾರು 1.3 ಕಿಲೋ ತೂಗುತ್ತದೆ, ಸನ್ನೆಯೂ ಬಿಗಿ. ಕುಮಟಾದಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಈಡಿಗೂ ಪಿಸ್ತೂಲನ್ನು ತೊಡೆಗೆ ಒತ್ತಿಕೊಂಡು ಎರಡೂ ಕೈಯಿಂದ ಸನ್ನೆ ಮುಚ್ಚುತ್ತಿದ್ದಳು. ಹದಿನೈದರ ಹೊತ್ತಿಗೆ ಅವಳ ಮುಂಗೈ ನಡುಗತೊಡಗಿ, ಇಪ್ಪತ್ತಾಗುವಷ್ಟರಲ್ಲಿ ಪೆಲೆಟ್ಟುಗಳೆಲ್ಲ ಕಪ್ಪು ವೃತ್ತದ ಕೆಳಗೆ ಬೀಳತೊಡಗಿದವು. ಗುರಿಯಲ್ಲಿ ಅವಳದೇನೂ ತಪ್ಪಿರಲಿಲ್ಲ. ಅಂದಿನಿಂದ ಅವಳ ಪಿಸ್ತೂಲಿನ ಸನ್ನೆ ಎಳೆಯುವ ಕೆಲಸ ನನ್ನದಾಯಿತು. ಹದಿನಾರು ದಾಟಿದವರಿಗೆ, ದೊಡ್ಡವರಿಗೆ ಈ ಬಗೆಯನ್ನು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು, ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನದು. ಸ್ಟೈಯರ್, ಮೊರಿನಿ, ವಾಲ್ಥರ್, ಫೈನ್‌ವರ್ಕ್‌ಬೌ, ಪಾರ್ದಿನಿ ಈ ಕಂಪನಿಗಳ ಸ್ಪರ್ಧೆಯ ಪಿಸ್ತೂಲುಗಳು ಇಂದು ಇದೇ ಬಗೆಯವು. ಸಣ್ಣ ಸನ್ನೆಯನ್ನು ಬೆರಳಿನಿಂದ ಎತ್ತಿ ಪೆಲೆಟ್ಟಿಟ್ಟರಾಯಿತು, ಮಕ್ಕಳ ಶಕ್ತಿಯೆಲ್ಲ ಗುರಿಗೇ ಉಳಿಯುತ್ತದೆ. ಬೆಲೆ ಲಕ್ಷ ರೂಪಾಯಿ ಮೀರುತ್ತದೆ, ಜೊತೆಗೆ 200 ಬಾರ್ ಒತ್ತಡದ ಗಾಳಿ ಬೇಕು. ಕೈಪಂಪಿನಿಂದಲೂ ತುಂಬಬಹುದು, ಆದರೆ ಮಳೆಗಾಲದಲ್ಲಿ ನಮ್ಮ ಗಾಳಿಯ ಜೊತೆ ನೀರೂ ಒಳಗೆ ಹೋಗುತ್ತದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮುಳುಗು ನಡೆಯುವುದರಿಂದ ಮುರುಡೇಶ್ವರದ ಕಡೆ ಮುಳುಗುಗಾರರ ಸಿಲಿಂಡರ್ ತುಂಬುವ ಯಂತ್ರಗಳಿವೆ. ಒಣಗಿಸಿ ಸೋಸಿದ ಆ ಗಾಳಿಯೇ ಪಿಸ್ತೂಲಿಗೂ ಬೇಕಾದದ್ದು. ತಪಾಸಣೆಯ ಅವಧಿ ಮುಗಿಯದ ದೊಡ್ಡ ಸಿಲಿಂಡರ್ ಒಂದನ್ನು ತುಂಬಿಸಿ ತಂದರೆ ಪಿಸ್ತೂಲಿನ ಪುಟ್ಟ ಸಿಲಿಂಡರನ್ನು ಅದರಿಂದ ಬಹಳ ಸಲ ತುಂಬಿಕೊಳ್ಳಬಹುದು. ಎರಡು ಎಚ್ಚರಿಕೆ: ಆಸ್ಪತ್ರೆಯ ಅಥವಾ ವೆಲ್ಡಿಂಗಿನ ಆಮ್ಲಜನಕವನ್ನು ಎಂದೂ ತುಂಬಬಾರದು, ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಪಸೆ ತಾಗಿದರೆ ಸ್ಫೋಟವಾಗುತ್ತದೆ, ಸಿಲಿಂಡರ್ ಕೂಡುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡಬಾರದು, ಕಂಪನಿ ಹೇಳಿದ ಗ್ರೀಸು ಮಾತ್ರ.

ಟ್ರಿಗರನ್ನು ತೂಗಿ ನೋಡುವುದು

ಹತ್ತು ಮೀಟರ್ ಏರ್ ಪಿಸ್ತೂಲಿಗೆ ಟ್ರಿಗರ್ ತೂಕ ಕನಿಷ್ಠ 500 ಗ್ರಾಂ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕೊಳ್ಳುವ ಮುನ್ನ ಇದನ್ನು ನೋಡಲು ಯಾವ ಉಪಕರಣವೂ ಬೇಡ. ಅರ್ಧ ಲೀಟರಿನ ಬಾಟಲಿಗೆ ನೀರು ಹಾಕಿ, ಮುಚ್ಚಳಕ್ಕೆ ದಾರ ಕಟ್ಟಿ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಬಾಟಲಿ, ದಾರ, ನೀರು ಎಲ್ಲ ಸೇರಿ ಸರಿಯಾಗಿ 500 ಗ್ರಾಂ ಆಗುವವರೆಗೆ ನೀರು ಚೆಲ್ಲಿರಿ. ಪಿಸ್ತೂಲಿನಲ್ಲಿ ಪೆಲೆಟ್ಟಿಲ್ಲವೆಂದು ಕಣ್ಣಾರೆ ನೋಡಿಕೊಂಡು, ಒಣ ಅಭ್ಯಾಸದ ಸ್ಥಿತಿಗೆ ತಂದು, ನಳಿಗೆಯನ್ನು ಮೇಲ್ಮುಖವಾಗಿ ನೆಟ್ಟಗೆ ಹಿಡಿದು, ದಾರದ ಕುಣಿಕೆಯನ್ನು ಟ್ರಿಗರಿನ ನಡುವಿಗೆ ಸಿಕ್ಕಿಸಿ ಬಾಟಲಿಯನ್ನು ಮೇಜಿನಿಂದ ಮೆಲ್ಲಗೆ ಎತ್ತಬೇಕು. ಬಾಟಲಿ ಮೇಜು ಬಿಟ್ಟು ತೂಗಾಡಿದರೂ ಟ್ರಿಗರ್ ಬೀಳದಿದ್ದರೆ ತೂಕ ಸರಿಯಿದೆ. ಹೊಸಬರಿಗೆ ನಾನು ಇನ್ನೊಂದು ಐವತ್ತು ಗ್ರಾಂ ಹೆಚ್ಚೇ ಇಡುತ್ತೇನೆ. ತೂಕಕ್ಕಿಂತ ಮುಖ್ಯವಾದದ್ದು ಟ್ರಿಗರಿನ ಎರಡು ಹಂತ: ಮೊದಲು ಸಲೀಸಾಗಿ ಹಿಂದೆ ಬಂದು ಒಂದು ಕಡೆ ಸ್ಪಷ್ಟವಾಗಿ ನಿಲ್ಲಬೇಕು, ಅಲ್ಲಿಂದ ಮುಂದೆ ಗರಗರ ಎನ್ನದೆ ಬಿಡಬೇಕು. ಕಣ್ಣು ಮುಚ್ಚಿ ಹತ್ತು ಸಲ ಎಳೆದು ನೋಡಿ. ನಿಲ್ಲುವ ಜಾಗ ಹತ್ತೂ ಸಲ ಒಂದೇ ಕಡೆ ಸಿಗದಿದ್ದರೆ ಆ ಪಿಸ್ತೂಲು ಬೇಡ.

ಎಲೆಕ್ಟ್ರಾನಿಕ್ ಟ್ರಿಗರ್ ಇನ್ನೂ ನಯ, ನಿಜ. ಆದರೆ ರಿಪೇರಿ ಮಾಡುವವರು ದೂರದ ಊರುಗಳಲ್ಲಿರುವಾಗ, ಗೋಡೆಯೇ ಬೆವರುವ ಜುಲೈ ತಿಂಗಳಿನಲ್ಲಿ, ಮೆಕ್ಯಾನಿಕಲ್ ಟ್ರಿಗರೇ ಕ್ಷೇಮ. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೆಟ್ಟು ಮನು ಭಾಕರ್ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು ಫೈನಲ್ ತಪ್ಪಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ತಂತ್ರಜ್ಞರಾದರೂ ಹತ್ತಿರ ಇದ್ದರು.

ನಿಶಾನೆಯ ಉದ್ದ

ಹಿಂದಿನ ನಿಶಾನೆಯ ಕಚ್ಚಿಗೂ ಮುಂದಿನ ಕಡ್ಡಿಗೂ ಇರುವ ಅಂತರ ಸ್ಪರ್ಧೆಯ ಪಿಸ್ತೂಲುಗಳಲ್ಲಿ ಸುಮಾರು 330 ಮಿ.ಮೀ. ಇರುತ್ತದೆ. ಕಡ್ಡಿ ಕಚ್ಚಿನ ನಡುವಿನಿಂದ ಒಂದು ಮಿ.ಮೀ. ಸರಿದರೆ ಹತ್ತು ಮೀಟರಿನಾಚೆ ಪೆಲೆಟ್ಟು ಮೂವತ್ತು ಮಿ.ಮೀ. ಸರಿಯುತ್ತದೆ, ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ. ಇರುವುದರಿಂದ ಅದು ಕಪ್ಪಿನ ಅಂಚಿಗೆ ತಾಗಿ ಏಳು ಅಂಕವಾದರೂ ಸಿಗುತ್ತದೆ. ಜೇಬಿನಲ್ಲಿ ಹಿಡಿಸುವ ಗಿಡ್ಡ ಪಿಸ್ತೂಲಿನಲ್ಲಿ ಈ ಅಂತರ ನೂರು ಮಿ.ಮೀ. ಎಂದಿಟ್ಟುಕೊಂಡರೆ ಅದೇ ತಪ್ಪಿಗೆ ಪೆಲೆಟ್ಟು ನೂರು ಮಿ.ಮೀ. ಸರಿದು 170 ಮಿ.ಮೀ. ಅಗಲದ ಹಾಳೆಯನ್ನೇ ಬಿಟ್ಟು ಹೋಗುತ್ತದೆ. ಗಿಡ್ಡ ಪಿಸ್ತೂಲು ಮಕ್ಕಳಿಗೆ ಸುಲಭ ಎಂಬ ನಂಬಿಕೆ ಎಷ್ಟು ತಪ್ಪೆಂಬುದಕ್ಕೆ ಈ ಲೆಕ್ಕ ಸಾಕು. ಕಚ್ಚಿನ ಅಗಲವನ್ನು ಹೊಂದಿಸಲು ಬರುವ ಮಾದರಿಯನ್ನೇ ಆರಿಸಿ, ಮೊದಮೊದಲು ಕಡ್ಡಿಯ ಎರಡೂ ಪಕ್ಕ ಬೆಳಕು ಧಾರಾಳವಾಗಿ ಕಾಣುವಂತೆ ಅಗಲವಾಗಿಡಿ.

.22 ಯಾವಾಗ

ಏರ್ ಪಿಸ್ತೂಲಿನಲ್ಲಿ ಒಂದು ವರ್ಷವಾದರೂ ಕಳೆದ, ಮೂತಿ ತಿರುಗಿಸುವ ದುರಭ್ಯಾಸ ಪೂರ್ತಿ ಹೋದ, 25 ಮೀಟರಿನ ಸುಸಜ್ಜಿತ ರೇಂಜಿಗೆ ಹೋಗಿಬರಲು ಸಾಧ್ಯವಿರುವ ಕೆಲವರಿಗೆ ಮಾತ್ರ ಈ ಪ್ರಶ್ನೆ. ಚಿರೆಕಲ್ಲಿನ ಗೋಡೆಯನ್ನು ನಂಬಿ ಹಿತ್ತಲಿನಲ್ಲಿ .22 ಹಾರಿಸುವ ಮಾತೇ ಇಲ್ಲ. ಸ್ಪರ್ಧೆಗೆಂದೇ ಮಾಡಿದ ಐದು ತೋಟೆಯ ಮ್ಯಾಗಜಿನ್ನಿನ ಪಾರ್ದಿನಿ ಎಸ್‌ಪಿ ಅಥವಾ ವಾಲ್ಥರ್ ಜಿಎಸ್‌ಪಿಯಂಥವನ್ನು ನೋಡಬೇಕು. ಇವುಗಳಿಗೆ ಟ್ರಿಗರ್ ಕನಿಷ್ಠ 1000 ಗ್ರಾಂ. ಮೊದಲ ಕೆಲವು ವಾರ ಮ್ಯಾಗಜಿನ್ನಿಗೆ ಒಂದೇ ತೋಟೆ. ತೋಟೆಯಿಲ್ಲದೆ ಟ್ರಿಗರ್ ಎಳೆದರೆ ಒಳಗಿನ ಮೊಳೆ ಕೋಣೆಯ ಅಂಚಿಗೆ ಬಡಿದು ಹಾಳಾಗಬಹುದಾದ್ದರಿಂದ ಒಣ ಅಭ್ಯಾಸಕ್ಕೆ ಪ್ಲಾಸ್ಟಿಕ್ಕಿನ ಹುಸಿ ತೋಟೆ ಬೇಕು. ಆತ್ಮರಕ್ಷಣೆಗೆಂದು ಮಾಡಿದ ಗಿಡ್ಡ ನಳಿಗೆಯ ರಿವಾಲ್ವರುಗಳನ್ನು ಕಲಿಸುವುದಕ್ಕೆ ಬಳಸಲೇಬಾರದು. ಒದೆತ, ಶಬ್ದ, ಗಡುಸು ಟ್ರಿಗರ್ ಮೂರೂ ಸೇರಿ ಈಡು ಹಾರುವ ಮೊದಲೇ ಕಣ್ಣು ಮುಚ್ಚುವ ಚಾಳಿಯನ್ನು ಅಂಟಿಸುತ್ತವೆ, ಅದನ್ನು ಬಿಡಿಸಲು ತಿಂಗಳುಗಳೇ ಬೇಕು.

ಹಳೆಯದನ್ನು ಕೊಳ್ಳುವಾಗ

ಹೊಸದಕ್ಕೆ ಹಣ ಸಾಲದೆ ಹಳೆಯದನ್ನು ಹುಡುಕುವವರೇ ಹೆಚ್ಚು, ಅದರಲ್ಲಿ ತಪ್ಪೇನಿಲ್ಲ. ನಾನು ಮೊದಲು ಕೊಂಡ ಹಳೆಯ ಪಿಸ್ತೂಲಿನ ನಳಿಗೆ ಕನ್ನಡಿಯಂತಿತ್ತು, ಹಿಡಿಯಲ್ಲಿ ಒಂದು ಗೀರೂ ಇರಲಿಲ್ಲ. ಮನೆಗೆ ತಂದು ಬಿಚ್ಚಿ ನೋಡಿದಾಗ ಎರಡೂ ಸಿಲಿಂಡರಿನ ಮೇಲೆ ಕೊರೆದಿದ್ದ ಅವಧಿ ಮುಗಿದು ವರ್ಷವಾಗಿತ್ತು. ಮಾರಿದವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ, ತುಂಬುವುದೂ ಅಪಾಯ. ಹೊಸ ಎರಡಕ್ಕೆ ಕೊಟ್ಟ ಹಣದಲ್ಲಿ ಉಳಿತಾಯವೆಲ್ಲ ಕರಗಿತು. ಆದ್ದರಿಂದ ಮೊದಲು ಸಿಲಿಂಡರಿನ ದಿನಾಂಕ ಓದಿ. ನಂತರ ತುಂಬಿಸಿ ಒತ್ತಡ ತೋರಿಸುವ ಮುಳ್ಳನ್ನು ಗುರುತು ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಮೂಲ ಬಿಲ್ಲು ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಬಜೆಟ್ಟಿನಲ್ಲಿ ಪೆಲೆಟ್ಟನ್ನು ಮರೆಯುವವರೂ ಇದ್ದಾರೆ. ಚಪ್ಪಟೆ ತಲೆಯ 4.5 ಮಿ.ಮೀ. ಪೆಲೆಟ್ಟಿನ ಒಂದು ಡಬ್ಬಿಯಲ್ಲಿ ಐನೂರು ಇರುತ್ತವೆ. ದಿನಕ್ಕೆ ಅರವತ್ತು ಹೊಡೆಯುವ ಒಬ್ಬರಿಗೆ ಅದು ಎಂಟೇ ದಿನ. ಪೆಲೆಟ್ಟು ಸೀಸದ್ದಾದ್ದರಿಂದ ಅಭ್ಯಾಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯದೆ ಅವಲಕ್ಕಿಯ ಬುತ್ತಿ ಬಿಚ್ಚುವಂತಿಲ್ಲ. ಪೆಲೆಟ್ ಹಿಡಿಯುವ ಪೆಟ್ಟಿಗೆ, ಎಲ್ಲರಿಗೂ ಕನ್ನಡಕ, ನಳಿಗೆ ಖಾಲಿಯೆಂದು ತೋರಿಸುವ ಕಿತ್ತಳೆ ಬಣ್ಣದ ದಾರ ಇವು ಪಿಸ್ತೂಲಿನ ಜೊತೆಗೇ ಬರಬೇಕು.

ಪಿಸ್ತೂಲು ಬಂದ ವಾರ ಊರವರು ನೋಡಲು ಬರುತ್ತಾರೆ. ತೋಟಕ್ಕೆ ಮಂಗನ ಕಾಟ ತಡೆಯಲಾರದ ನಮ್ಮ ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ತಮಾ, ಇದ್ರಲ್ಲಿ ಮಂಗ ಓಡ್ಸಲಾಗ್ತಾ?’ ಎಂದು ಕೇಳಿದ್ದರು. ಆಗುವುದಿಲ್ಲ, ಮಾಡಲೂಬಾರದು, ಮಂಗಟ್ಟೆ ಹಕ್ಕಿಯಿಂದ ನವಿಲಿನವರೆಗೆ ನಮ್ಮ ಕಾಡಂಚಿನ ಜೀವಿಗಳಿಗೆ 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಆಶ್ರಯವಿದೆ. ಕಲಿಸುವ ಪಿಸ್ತೂಲಿಗೆ ಬೀಗವಿರುವ ಕಬ್ಬಿಣದ ಕಪಾಟು, ಆ ಬೀಗದ ಕೈ ಒಬ್ಬರ ಬಳಿ ಮಾತ್ರ ಎಂದು ಮೊದಲ ದಿನವೇ ಗೊತ್ತುಮಾಡಿಬಿಡುವುದು ಒಳ್ಳೆಯದು.

ಆ ಕಪಾಟಿನೊಳಗೆ ಇಡುವ ರೀತಿಯಲ್ಲೂ ನಾನೊಮ್ಮೆ ಮೋಸಹೋದೆ. ಕಂಪನಿಯ ಪೆಟ್ಟಿಗೆಯಲ್ಲಿ ಪಿಸ್ತೂಲಿನ ಆಕಾರಕ್ಕೆ ಕತ್ತರಿಸಿದ ಸ್ಪಂಜು ಇರುತ್ತದೆ, ನೋಡಲು ಚೆಂದ. ಆಷಾಢದ ಮೂರು ವಾರ ಮುಚ್ಚಿಟ್ಟು ತೆರೆದಾಗ ಸ್ಪಂಜು ತಾಗಿದ ಕಡೆಯಲ್ಲೆಲ್ಲ ನಳಿಗೆಯ ಮೇಲೆ ರಾಗಿ ಕಾಳಿನಂಥ ತುಕ್ಕಿನ ಚುಕ್ಕೆಗಳಿದ್ದವು. ಈಗ ಜೂನ್ ಬಂತೆಂದರೆ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು, ಎಣ್ಣೆ ಹಚ್ಚಿದ ಹಳೆಯ ಹತ್ತಿಬಟ್ಟೆಯಿಂದ ಹೊರಮೈ ಒರೆಸಿ, ಸಿಲಿಕಾ ಜೆಲ್ ಇಟ್ಟ ಕಪಾಟಿನಲ್ಲಿ ಮರದ ಗೂಟದ ಮೇಲೆ ಬಿಡಿಯಾಗಿ ನಿಲ್ಲಿಸುತ್ತೇನೆ. ಜೆಲ್ಲಿನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡುತ್ತೇನೆ. ಆ ಬಾಣಲೆಯನ್ನು ಆಮೇಲೆ ಅಡುಗೆಮನೆಗೆ ಸೇರಿಸುವುದಿಲ್ಲ.